ಅಲುಗಬ್ಯಾಡ ಮುತ್ಯಾ

ವಿಜಯಪುರದ ಚಿತ್ರಕಲಾ ಕಾಲೇಜೊಂದಕ್ಕೆ ನಾನು ಅರ್ಜಿ ಹಾಕಿದ್ದು ಪಿಯುಸಿ ಮುಗಿದ ಬೇಸಿಗೆಯಲ್ಲಿ. ಪ್ರವೇಶ ಪರೀಕ್ಷೆಯ ದಿನ ಮೇಜಿನ ಮೇಲೆ ಒಂದು ತಾಮ್ರದ ತಂಬಿಗೆ, ಒಂದಿಷ್ಟು ಉಳ್ಳಾಗಡ್ಡಿ, ಮಡಿಕೆ ಬಿದ್ದ ಬಿಳಿ ಬಟ್ಟೆ ಇಟ್ಟು ಚಿತ್ರ ತೆಗೆಯಲು ಹೇಳಿದರು. ಪಕ್ಕದಲ್ಲಿದ್ದ ಹುಡುಗಿ ಬಟ್ಟೆಯ ಮಡಿಕೆಗಳನ್ನು ಬೆರಳಿನಿಂದ ತೀಡುತ್ತ ತೀಡುತ್ತ ಕಾಗದದ ಮೇಲೆ ಬಟ್ಟೆಯನ್ನೇ ಹಾಸಿಬಿಟ್ಟಳು. ನನ್ನ ತಂಬಿಗೆ ಒಂದು ಕಡೆ ವಾಲಿತ್ತು. ಉಳ್ಳಾಗಡ್ಡಿಗಳು ಬಟಾಟೆಯಂತೆ ಕಾಣುತ್ತಿದ್ದವು. ಹೀಗಾಗಿ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಗೆರೆಯ ಕೆಳಗೆ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಗೆರೆಯ ಮೇಲಿದ್ದವರಿಗೆ ಸೀಟು. ಕೆಳಗಿದ್ದವರು, ಮೇಲಿನವರಲ್ಲಿ ಯಾರಾದರೂ ಬಿಟ್ಟು ಹೋದಾರೇನೋ ಎಂದು ಕಾಯಬೇಕು.

ಆದರೂ ಅಳು ಬಂತು. ಕಾರಿಡಾರಿನಲ್ಲಿ ಮುಖ ತಿರುಗಿಸಿ ನಿಂತಿದ್ದಾಗ, ಸಂದರ್ಶನ ಮಾಡಿದ್ದ ವಿಭಾಗದ ಮುಖ್ಯಸ್ಥರು ಹಾಯ್ದು ಹೋಗುತ್ತಿದ್ದವರು ನಿಂತರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಓಡಾಡುವ, ಮಾತು ಕಡಿಮೆಯಿದ್ದ ಮನುಷ್ಯ.

"ಯಾವೂರು ನಿಂದು?"

"ಬಿಜ್ಜರಗಿ ರೀ ಸರ್. ತಿಕೋಟಾ ಹತ್ರ."

"ಕೈ ಛಲೋ ಅದ ನಿಂದು. ಕಣ್ಣು ಇನ್ನೂ ತಯಾರಾಗಿಲ್ಲ. ಸೀಟು ಖಾಲಿ ಆಗ್ತದೋ ಇಲ್ಲೋ ನಾ ಹೇಳಾಕ ಬರೂದಿಲ್ಲ. ಆದ್ರ ನಿನಗ ಖರೇನ ಮನಸಿದ್ರ ಮನ್ಯಾಗ ಸುಮ್ಮ ಕುಂದರಬ್ಯಾಡ. ಹೊಸಾದು ಏನರ ತಗೀತಿ ಅಲ್ಲಾ, ತಂದು ತೋರಸ್ಕೋತ ಇರು. ಬರವರು ಯಾರು, ಬಿಡವರು ಯಾರು ಅಂತ ನಮಗೂ ತಿಳೀತದ."

ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಊರಿಗೆ ಬಂದೆ.

ಮನೆಯಲ್ಲಿ ಆಗ ಮುತ್ಯಾ ಹಾಸಿಗೆ ಹಿಡಿದಿದ್ದ. ಅಪ್ಪನ ಅಪ್ಪ. ಬೇರೆ ಕಡೆಯವರು ಅಜ್ಜ ಎನ್ನುವುದನ್ನು ನಾವು ಮುತ್ಯಾ ಎನ್ನುತ್ತೇವೆ. ಆ ಬೇಸಿಗೆಯ ಶುರುವಿನಲ್ಲಿ ಕುರಿ ಹೊಡೆದುಕೊಂಡು ಹೋದವನು ಬದುವಿನ ಮೇಲೆ ಕುಸಿದು ಬಿದ್ದಿದ್ದ. ಲಕ್ವಾ ಹೊಡೆದಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಜೀವಕ್ಕೆ ಭಯವಿಲ್ಲ, ಕೈಕಾಲು ತಿಂಗಳುಗಟ್ಟಲೆ ಆಡಿಸಬೇಕು ಎಂದು ಹೇಳಿ ಮನೆಗೆ ಕಳಿಸಿದ್ದರು. ಎಡಗೈ, ಎಡಗಾಲು ಸತ್ತಂತೆ ಬಿದ್ದಿದ್ದವು. ಬಾಯಿಯ ಎಡತುದಿ ಕೆಳಗೆ ಜಾರಿ, ಅಲ್ಲಿಂದ ಸದಾ ಜೊಲ್ಲು ಇಳಿಯುತ್ತಿತ್ತು. ಮಾತು ತೊದಲುತ್ತಿತ್ತು. ಹತ್ತಿರದವರಿಗಷ್ಟೇ ತಿಳಿಯುವಂಥ ಮಾತು.

ನನ್ನ ಮುತ್ಯಾ ಹೇಗಿದ್ದ ಎಂದು ಗೊತ್ತಿದ್ದವರಿಗೆ ಮಾತ್ರ ಇದರ ನೋವು ಅರ್ಥವಾದೀತು. ಊರಿನಲ್ಲಿ ಅವನಷ್ಟು ಠಾಕುಠೀಕಾಗಿ ಇರುವ ಕುರಿಯವ ಇನ್ನೊಬ್ಬನಿರಲಿಲ್ಲ. ತಿಕೋಟಾಕ್ಕೆ ಹೋಗುವುದಿದ್ದರೆ ಹಿಂದಿನ ದಿನವೇ ತಲೆಗೆ ಸುತ್ತುವ ಪಟಕಾ ತೊಳೆದು ಒಣಹಾಕುತ್ತಿದ್ದ. ಅದನ್ನು ಸುತ್ತುವಾಗ ಅಪ್ಪ ಒಂದು ತುದಿ ಹಿಡಿದು ಅಂಗಳದ ಆ ಕಡೆಗೆ ನಿಲ್ಲಬೇಕು. ಸುತ್ತು ಸ್ವಲ್ಪ ಸೊಟ್ಟಗಾದರೂ ಬಿಚ್ಚಿ ಮೊದಲಿನಿಂದ ಶುರು. ಮೀಸೆಗೆ ಕೊಬ್ಬರಿ ಎಣ್ಣೆ. ಕಿಸೆಯಲ್ಲಿ ಸಣ್ಣ ಕನ್ನಡಿ. ಅವ್ವ ನಗುತ್ತಿದ್ದಳು: "ಮಾಂವಾರು ಕುರಿ ಮಾರಾಕ ಹೊಂಟಾರೋ, ಕನ್ಯಾ ನೋಡಾಕ ಹೊಂಟಾರೋ!"

ಆಸ್ಪತ್ರೆಯಿಂದ ಬಂದ ಮೇಲೆ ಆ ಕನ್ನಡಿಯನ್ನು ಅವನು ಕೇಳಲಿಲ್ಲ. ನಾವೂ ಕೊಡಲಿಲ್ಲ. ನೋಡಲು ಯಾರಾದರೂ ಬಂದರೆ ಬಲಗೈಯಿಂದ ಟವೆಲ್ ಎಳೆದು ಮೂಗಿನ ಕೆಳಗೆ ಮುಚ್ಚಿಕೊಳ್ಳುತ್ತಿದ್ದ. ಸಾರವಾಡಕ್ಕೆ ಕೊಟ್ಟ ಅವನ ಸ್ವಂತ ಮಗಳು, ನಮ್ಮ ಅತ್ತೆ, ಬಬಲೇಶ್ವರದ ಯಾರ ಹತ್ತಿರವೋ ಲಕ್ವಾಕ್ಕೆ ಒಳ್ಳೆಯದೆಂದು ಎಣ್ಣೆ ಮಾಡಿಸಿಕೊಂಡು ಬಂದಾಗಲೂ ಅಷ್ಟೇ. ಅವಳು ಕಾಲು ನೀವುತ್ತ ಅತ್ತಳು. ಅವನು ಟವೆಲ್ ತೆಗೆಯಲಿಲ್ಲ. ನಮ್ಮ ಮುಂದೆ ಮಾತ್ರ ಮುಚ್ಚಿಕೊಳ್ಳುತ್ತಿರಲಿಲ್ಲ. ಅದರಲ್ಲೂ ನಾನು ಕೂತಿದ್ದರೆ ಟವೆಲ್ ಅವನು ಮಲಗಿದ್ದ ಹೊರಸಿನ ಕೆಳಗೆ ಬಿದ್ದಿದ್ದರೂ ಅವನಿಗೆ ಲಕ್ಷ್ಯವಿರುತ್ತಿರಲಿಲ್ಲ.

ಅಪ್ಪ ಅವ್ವ ಬೆಳಿಗ್ಗೆ ಎದ್ದು ದ್ರಾಕ್ಷಿ ಪಡಕ್ಕೆ, ಎಂದರೆ ತೋಟಕ್ಕೆ, ಹೋಗುತ್ತಿದ್ದರು. ಹಗಲಿಡೀ ಮುತ್ಯಾನ ಹತ್ತಿರ ಇರುವುದು ನನ್ನ ಪಾಲಿಗೆ ಬಂದಿತ್ತು. ಗಂಜಿ ಕುಡಿಸುವುದು, ಬಾಯಿ ಒರೆಸುವುದು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುವುದು. ಉಳಿದ ಹೊತ್ತು ನಾನು ಪಡಸಾಲೆಯಲ್ಲಿ ಕೂತು ಚಿತ್ರ ತೆಗೆಯುತ್ತಿದ್ದೆ. ಪಡದಲ್ಲಿ ಪೈಪು ಹಾಕಿಸಿದಾಗ ಉಳಿದಿದ್ದ ತುಂಡೊಂದರಲ್ಲಿ ಹಾಳೆಗಳನ್ನು ಸುತ್ತಿ ತೂರಿಸಿ, ಸೋಮವಾರ ಅವ್ವ ಮನೆಯಲ್ಲಿ ಉಳಿದಾಗ ತಿಕೋಟಾ ಮೇಲಿಂದ ವಿಜಯಪುರದ ಬಸ್ಸು ಹತ್ತುತ್ತಿದ್ದೆ. "ಬೋರಿಗೆ ಪೈಪ ಇಳಸಾಕ ಹೊಂಟೀಯೇನ ತಂಗಿ?" ಎಂದು ಕಂಡಕ್ಟರ್ ನಗಿಸುತ್ತಿದ್ದ.

ಕಾಲೇಜಿನ ಆಫೀಸಿನಲ್ಲಿ ಅಷ್ಟು ನಗು ಇರಲಿಲ್ಲ. ನನ್ನನ್ನು ನೋಡುತ್ತಲೇ ಗುಮಾಸ್ತರು, "ಯಾರೂ ಬಿಟ್ಟಿಲ್ಲವಾ. ಬಿಟ್ರ ಫೋನ್ ಮಾಡ್ತೀವಿ ಅಂತ ಹೇಳೀನಲ್ಲ?" ಎನ್ನುತ್ತಿದ್ದರು. "ಇಲ್ರಿ ಸರ್, ಹಂಗ ಕೇಳಿ ಹೋಗೂಣು ಅಂತ ಬಂದೆ" ಎನ್ನುತ್ತಿದ್ದೆ. ಆಮೇಲೆ ಮುಖ್ಯಸ್ಥರ ಕೋಣೆಯ ಹೊರಗೆ, ಅವರ ತರಗತಿ ಮುಗಿಯುವವರೆಗೆ ಕಾಯುತ್ತಿದ್ದೆ.

ಮೊದಲ ಸಲ ಆಡುಗಳ ಚಿತ್ರ ಒಯ್ದೆ. ಎರಡನೆಯ ಸಲ ನಮ್ಮ ತಲಬಾಗಿಲು, ದ್ರಾಕ್ಷಿ ಬಳ್ಳಿ. ಸರ್ ಹಾಳೆಗಳನ್ನು ಬೇಗ ಬೇಗ ತಿರುವಿ, "ಇವು ಎಲ್ಲಾರೂ ತರ್ತಾರ" ಎಂದು ಸುತ್ತಿ ಕೊಟ್ಟರು. ಬಸ್‌ ಸ್ಟ್ಯಾಂಡಿಗೆ ನಡೆದು ಬರುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಎಲ್ಲರೂ ತರದಂಥದ್ದು ನನ್ನ ಹತ್ತಿರ ಏನಿದೆ?

ಮರುದಿನ ಮುತ್ಯಾನ ಎಡಗೈ ಕೌದಿಯ ಮೇಲೆ ಬಿದ್ದಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡು, ಉಗುರಿನ ಬಣ್ಣ ಸ್ವಲ್ಪ ಬೇರೆಯಾಗಿ. ಅದು ಅಲುಗುತ್ತಿರಲಿಲ್ಲವಾದ್ದರಿಂದ ತೆಗೆಯಲು ಸುಲಭ ಎಂದಷ್ಟೇ ಅನ್ನಿಸಿತು. ಇದ್ದಿಲಿನಲ್ಲಿ ತೆಗೆದೆ. ಮುಂದಿನ ಸೋಮವಾರ ಆ ಹಾಳೆ ಬಂದಾಗ ಸರ್ ತಿರುವುವುದನ್ನು ನಿಲ್ಲಿಸಿಬಿಟ್ಟರು. ಹಣೆಯ ಮೇಲಿನ ಕನ್ನಡಕ ಕೆಳಗಿಳಿಯಿತು.

"ಇದು ಯಾರ ಕೈ?"

ಹೇಳಿದೆ. ಲಕ್ವಾ ಎಂದೂ ಹೇಳಿದೆ.

"ಮುಖ ತಗದಿಯೇನು?"

"ಇನ್ನೂ ಇಲ್ರಿ."

"ತಗಿ. ಅಂಜಬ್ಯಾಡ. ಇದ್ದದ್ದು ಇದ್ದಂಗ ತಗಿ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಆ ದಿನದ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಆ ಸಂತೋಷದ ನೆನಪೇ ಇವತ್ತು ಹೆಚ್ಚು ಚುಚ್ಚುವುದು. ಮನೆಯಲ್ಲಿ ಒಬ್ಬ ಮನುಷ್ಯ ಬಿದ್ದಿದ್ದಾನೆ ಎಂಬುದು ಅಂದು ನನ್ನ ತಲೆಯಲ್ಲಿರಲಿಲ್ಲ. ಮನೆಯಲ್ಲಿ ಒಂದು ಮುಖ ಇದೆ ಎಂಬುದಷ್ಟೇ ಇತ್ತು.

ಆಮೇಲಿನ ವಾರಗಳಲ್ಲಿ ನಾನು ಮುತ್ಯಾನ ಮುಖವನ್ನು ಬಿಟ್ಟು ಬೇರೇನೂ ತೆಗೆಯಲಿಲ್ಲ. ಕಿಟಕಿಯಿಂದ ಬೆಳಕು ಬೀಳುವ ಕಡೆಗೆ ಹೊರಸನ್ನು ಎಳೆದುಕೊಂಡೆ. ತಲೆಯ ಕೆಳಗೆ ದಿಂಬು ಹೆಚ್ಚು ಇಟ್ಟೆ. ಅವನು ಕೇಳಿದ, "ಏನ ಮಾಡಾಕತ್ತೀ ಯವ್ವಾ?"

"ನಿನ್ನ ಚಿತ್ರ ತಗ್ಯಾಕತ್ತೀನಿ ಮುತ್ಯಾ. ಕಾಲೇಜಿಂದು."

ಅವನ ಬಲಗಣ್ಣು ನಕ್ಕಿತು. ಬಲಗೈ ಮೀಸೆಯ ಕಡೆಗೆ ಹೋಯಿತು. ಬಲಭಾಗದ ಮೀಸೆಯನ್ನು ತಿರುವಿಕೊಂಡ. ಎಡಭಾಗದಲ್ಲಿ ಅವನಿಗೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ನಾನು ತೆಗೆಯುತ್ತಿದ್ದುದು ಎಡಭಾಗವನ್ನು.

ಒಂದು ಮಧ್ಯಾಹ್ನ ಬೆಳಕು ಬಹಳ ಚೆನ್ನಾಗಿ ಬಿದ್ದಿತ್ತು. ಜಾರಿದ ತುಟಿಯ ಕೆಳಗೆ ಜೊಲ್ಲಿನ ಎಳೆ ಹೊಳೆಯುತ್ತಿತ್ತು. ಅದನ್ನು ಹಿಡಿಯಬೇಕೆಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಮುತ್ಯಾ ಏನೋ ಹೇಳಲು ಬಾಯಿ ಅಲುಗಿಸಿದ. ನೀರು ಎಂದಿರಬೇಕು. ಬಲಗೈ ಟವೆಲ್ ಹುಡುಕುತ್ತ ಕೌದಿಯ ಮೇಲೆ ಹರಿದಾಡಿತು.

"ಅಲುಗಬ್ಯಾಡ ಮುತ್ಯಾ," ಎಂದೆ ನಾನು. "ಆತು, ಆತು. ಇನ್ನ ಸ್ವಲ್ಪ."

ಕೈ ನಿಂತಿತು. ಅವನು ಅಲುಗಲಿಲ್ಲ. ಕಣ್ಣನ್ನು ಮಾತ್ರ ನನ್ನ ಮೇಲಿಟ್ಟು ಹಾಗೇ ಇದ್ದ. ನೊಣವೊಂದು ಕೆನ್ನೆಯ ಮೇಲೆ ಕೂತಾಗಲೂ ಹಾಗೇ ಇದ್ದ. ನಾನು ಅದನ್ನು ಹೊಡೆದು ಓಡಿಸಲಿಲ್ಲ, ಎದ್ದರೆ ಕೋನ ತಪ್ಪುತ್ತಿತ್ತು.

ಅಷ್ಟರಲ್ಲಿ ಅವ್ವ ಪಡದಿಂದ ಬಂದಳು. ಬುಟ್ಟಿ ಇಳಿಸಿ, ಹೊರಸಿನ ಕಡೆ ನೋಡಿ, ಸೆರಗಿನಿಂದಲೇ ಮುತ್ಯಾನ ಗದ್ದ, ಕುತ್ತಿಗೆ ಒರೆಸಿದಳು. ದಿಂಬು ತೋಯ್ದಿತ್ತು.

"ಯಾವಾಗಿಂದ ಹಿಂಗ ಬಿಟ್ಟೀಯವ್ವಾ ಇವರನ್ನ?"

"ಈಗ ಅಷ್ಟ ಬೇ…"

"ಕಣ್ಣಿಗಿ ಕಾಣಲಿಲ್ಲೇನು?"

ಕಂಡಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಯಾವುದನ್ನೂ ಕಂಡಿರಲಿಲ್ಲ. ಅವ್ವನಿಗೆ ಅದನ್ನು ಹೇಗೆ ಹೇಳಲಿ? ತಲೆ ಬಗ್ಗಿಸಿಕೊಂಡು ನೀರು ತಂದೆ. ಮುತ್ಯಾ ಚರಿಗೆ ಪೂರ್ತಿ ಕುಡಿದ. ಕುಡಿದು ಅವ್ವನಿಗೆ ತೊದಲುತ್ತ ಹೇಳಿದ, "ಬೈಬ್ಯಾಡ ಅಕಿಗಿ. ಸಾಲೀದು ಕೆಲಸ ಮಾಡಾಕತ್ತಾಳ."

ಸೋಮವಾರ ಆ ಹಾಳೆಯನ್ನು ಸರ್ ಬಹಳ ಹೊತ್ತು ನೋಡಿದರು. ಪಕ್ಕದ ಕೋಣೆಯಿಂದ ಇನ್ನಿಬ್ಬರು ಮೇಷ್ಟ್ರನ್ನು ಕರೆದರು. ಮೂವರೂ ನನ್ನ ಮುತ್ಯಾನ ಬಾಯಿಯ ಬಗ್ಗೆ ಮಾತಾಡಿದರು. ಗೆರೆ ಎಷ್ಟು ಧೈರ್ಯವಾಗಿ ಬಂದಿದೆ, ನೆರಳು ಎಲ್ಲಿ ನಿಂತಿದೆ ಎಂದೆಲ್ಲ. "ಇದನ್ನ ಇಲ್ಲೇ ಬಿಟ್ಟು ಹೋಗು" ಎಂದರು ಸರ್. ನಾನು ಬಿಟ್ಟು ಬಂದೆ. ಆಮೇಲೂ ವಾರವಾರ ಹೋದೆ. ಹೋಗಲಾಗದ ವಾರ ಹೊಸ ಚಿತ್ರದ ಫೋಟೋ ತೆಗೆದು ಸರ್ ಅವರ ಮೊಬೈಲಿಗೆ ಕಳಿಸಿದೆ: "ಸರ್, ನನಗೆ ಇನ್ನೂ ಬಹಳ ಆಸಕ್ತಿ ಇದೆ. ದಯವಿಟ್ಟು ನೆನಪಿರಲಿ." ಮೇಲೆ ಮುತ್ಯಾನ ಮುಖ, ಕೆಳಗೆ ನನ್ನ ಆಸಕ್ತಿ. ಒಮ್ಮೆ ಅವನು ಸ್ವಲ್ಪ ಸುಧಾರಿಸಿದಂತೆ, ತುಟಿ ಒಂದಿಷ್ಟು ಮೇಲಕ್ಕೆ ಬಂದಂತೆ ಕಂಡಿತು. ಅಪ್ಪ ಅವ್ವ ಹಿಗ್ಗಿದರು. ನಾನೂ ಹಿಗ್ಗಿದೆ. ಆದರೆ ಆ ಹಿಗ್ಗಿನ ಅಡಿಯಲ್ಲಿ, ಚಿತ್ರ ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲವೇನೋ ಎಂಬ ಸಣ್ಣ ನಿರಾಸೆ ಇತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಮಳೆಗಾಲದ ನಡುವೆ ಕಾಲೇಜಿನಿಂದ ಫೋನ್ ಬಂತು. ಗೆರೆಯ ಮೇಲಿದ್ದ ಒಬ್ಬ ಹುಡುಗ ಬೇರೆ ಕೋರ್ಸಿಗೆ ಹೋಗಿದ್ದ. ಕೆಳಗಿದ್ದವರಲ್ಲಿ ನನಗಿಂತ ಮುಂದೆ ಇನ್ನೂ ಒಬ್ಬಿಬ್ಬರಿದ್ದರು, ಆದರೆ ಸೀಟು ನನಗೆ ಬಂತು. ಗುಮಾಸ್ತರೇ ಹೇಳಿದರು: "ಅವರು ಆಮ್ಯಾಲೆ ಒಮ್ಮೆನೂ ಈ ಕಡೆ ಹಾಯಲಿಲ್ಲವಾ. ನೀ ಬಿಡಲಿಲ್ಲ ನೋಡು."

ಮುತ್ಯಾನಿಗೆ ತಿಳಿಸಿದಾಗ ಅವನು ಬಲಗೈಯಿಂದ ನನ್ನ ತಲೆ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, ಟವೆಲ್ಲಿನ ಒಳಗಿನಿಂದ: "ನನ್ನ ಚಿತ್ರ ತಗದು ಪಾಸಾಗ್ಯಾಳ."

ಆ ವರ್ಷ ಅವನು ಮೆಲ್ಲಗೆ ಎದ್ದ. ಮೊದಲು ಕೂತ, ಆಮೇಲೆ ಗೋಡೆ ಹಿಡಿದ, ಆಮೇಲೆ ಬಡಿಗೆ ಊರಿಕೊಂಡು ಕುರಿಹಟ್ಟಿಯವರೆಗೆ ಹೋಗಿಬಂದ. ಬಾಯಿ ಬಹುಪಾಲು ಸರಿಯಾಯಿತು. ಗಮನವಿಟ್ಟು ನೋಡಿದರೆ ಮಾತ್ರ ಎಡತುದಿ ಒಂಚೂರು ಕೆಳಗಿದೆ ಎನ್ನಬಹುದಿತ್ತು. ಟವೆಲ್ ಹೆಗಲಿಗೆ ಹೋಯಿತು. ನಾನು ವಿಜಯಪುರದ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದೆ.

ವರ್ಷದ ಕೊನೆಯಲ್ಲಿ ಕಾಲೇಜಿನಲ್ಲಿ ಪ್ರದರ್ಶನ. ಮನೆಯವರನ್ನು ಕರೆತರಬಹುದು ಎಂದಿದ್ದರು. ಅಪ್ಪ ಅವ್ವ ಇಬ್ಬರೇ ಬರುತ್ತಾರೆಂದುಕೊಂಡಿದ್ದೆ. ಮುತ್ಯಾ ಹಟ ಹಿಡಿದ: "ನಾನೂ ಬರಾವ. ನನ್ನ ಚಿತ್ರ ನಾ ನೋಡಬ್ಯಾಡೇನು?"

ಆ ಚಿತ್ರವನ್ನು ಗೋಡೆಗೆ ಹಾಕಲಿದ್ದಾರೆಂದು ನನಗೆ ಗೊತ್ತಿತ್ತು. ನನ್ನ ಹೆಸರಿನ ಕೆಳಗೆ, ಹಾಲಿನ ನಡುವಿನ ಗೋಡೆಯಲ್ಲಿ, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ. ಬೇಡ ಎಂದು ಸರ್ ಅವರಿಗೆ ಹೇಳಲು ಒಂದು ವಾರವಿತ್ತು. ಹೇಳಲಿಲ್ಲ. ಅವನಿಗೆ ಹೆಮ್ಮೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಿರುವಾಗಲೇ ಅದು ಸುಳ್ಳೆಂದೂ ತಿಳಿದಿತ್ತು.

ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಮುತ್ಯಾ ಅವತ್ತು ಪಟಕಾ ಸುತ್ತಿಕೊಂಡನಂತೆ. ಎಡಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿರಲಿಲ್ಲವಾದ್ದರಿಂದ ಬಹಳ ಹೊತ್ತು ಹಿಡಿದು ಒಂದು ಬಸ್ಸು ತಪ್ಪಿತಂತೆ. ಕಾಲೇಜಿನ ಗೇಟಿನಲ್ಲಿ ಆಟೋದಿಂದ ಇಳಿದಾಗ ನನ್ನ ಗೆಳತಿಯರೆಲ್ಲ ತಿರುಗಿ ನೋಡಿದರು. ಬಿಳಿ ಅಂಗಿ, ಧೋತರ, ಕೆಂಪು ಪಟಕಾ. ಎಣ್ಣೆ ಹಚ್ಚಿದ ಮೀಸೆ. "ನಿಮ್ಮ ಮುತ್ಯಾ ರಾಜಾ ಇದ್ದಂಗ ಇದಾರಲ್ಲೇ!" ಎಂದಳು ಒಬ್ಬಳು.

ಅವನು ಬಡಿಗೆ ಊರುತ್ತ ಗೋಡೆಯುದ್ದಕ್ಕೂ ನಡೆದ. ತಂಬಿಗೆಗಳನ್ನು ನೋಡಿದ, ಗುಮ್ಮಟದ ಚಿತ್ರಗಳನ್ನು ನೋಡಿ ತಲೆದೂಗಿದ. ತನ್ನ ಚಿತ್ರದ ಮುಂದೆ ಬಂದಾಗ ಮೊದಲು ದಾಟಿಯೇ ಹೋದ. ಗುರುತು ಸಿಕ್ಕಿರಲಿಲ್ಲ. ಅಪ್ಪ ಬಾಯಿತಪ್ಪಿ, "ಇದ ಅಲ್ಲೇನು?" ಎಂದ. ಮುತ್ಯಾ ಹಿಂದಕ್ಕೆ ಬಂದ.

ಎಷ್ಟು ಹೊತ್ತು ನಿಂತಿದ್ದನೋ. ನಾನು ಪಕ್ಕದಲ್ಲಿದ್ದೆ. ಅಷ್ಟರಲ್ಲಿ ಯಾರೋ ಇಬ್ಬರು ಹುಡುಗರು ಬಂದು ಚಿತ್ರದ ಫೋಟೋ ತೆಗೆದುಕೊಂಡು ಹೋದರು. ಪಕ್ಕದಲ್ಲೇ ನಿಂತವನು ಅದೇ ಮನುಷ್ಯನೆಂದು ಅವರಿಗೂ ಗೊತ್ತಾಗಲಿಲ್ಲ.

"ನನ್ನ ಬಾಯಿ ಹಿಂಗ ಆಗಿತ್ತೇನು?" ಎಂದು ಕೇಳಿದ.

ಅವ್ವ ಹೇಳಿದಳು, "ಅದು ಆವಾಗಿಂದು ಮಾಂವಾ. ಈಗ ಆರಾಮ ಆಗೈತಲ್ಲ."

"ಇದನ್ನ ಯಾರ್ಯಾರು ನೋಡ್ಯಾರ?"

"ಎಲ್ಲಾರೂ ನೋಡಿ ಭಾಳ ಛಲೋ ಬಂದೈತಿ ಅಂದಾರ ಮುತ್ಯಾ," ಎಂದೆ.

ಅವನು ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ಜಾತ್ರೆಯಲ್ಲಿ ಕೈ ಹಿಡಿದುಕೊಂಡವರು ತನ್ನವರಲ್ಲ ಎಂದು ತಟ್ಟನೆ ತಿಳಿದ ಮಗುವಿನ ನೋಟ. "ನಡೀರಿ, ಬಸ್ ಸಿಗೂದಿಲ್ಲ," ಎಂದ. ಅಷ್ಟೇ. ಸರ್ ಬಂದು ಕೈಮುಗಿದು, ನಿಮ್ಮ ಮೊಮ್ಮಗಳು ಬಹಳ ಮುಂದೆ ಬರುತ್ತಾಳೆ ಎಂದಾಗ ಅವನೂ ಒಂದೇ ಕೈಯೆತ್ತಿ ನಮಸ್ಕಾರ ಮಾಡಿದ. ಆ ಕೈ ಕೆಳಗಿಳಿಯುವಾಗ ಬಾಯಿಯ ಮೇಲೆ ಬಂದು ನಿಂತಿತು.

ಅವರು ಹೋದ ಮೇಲೆ ನಾನು ಚಿತ್ರವನ್ನು ಗೋಡೆಯಿಂದ ಇಳಿಸಿದೆ. ಸರ್ ಕಾರಣ ಕೇಳಿದರು. ಹೇಳಿದೆ. ಅವರು, "ನಾನೂ ಕೇಳಬೇಕಿತ್ತು, ಅವರನ್ನ ಕೇಳಿದಿಯೇನು ಅಂತ," ಎಂದರು. ಅವರು ಹಾಗೆಂದಿದ್ದರಿಂದ ನನ್ನ ಭಾರ ಕಡಿಮೆಯಾಗಲಿಲ್ಲ. ಅವರಿಗೆ ಅದು ಒಬ್ಬ ಮುದುಕನ ಮುಖ. ನನಗೆ ಹಾಗಿರಲಿಲ್ಲ.

ಮುಂದಿನ ಶನಿವಾರ ಊರಿಗೆ ಹೋದಾಗ ಮುತ್ಯಾ ಪಡಸಾಲೆಯಲ್ಲಿ ಕೂತಿದ್ದ. ನಾನು ಒಳಗೆ ಕಾಲಿಡುತ್ತಲೇ ಹೆಗಲ ಮೇಲಿನ ಟವೆಲ್ ಮೇಲೇರಿ ಮೂಗಿನ ಕೆಳಗೆ ಬಂತು. "ಬಂದೇನ ಯವ್ವಾ? ಊಟ ಮಾಡು" ಎಂದ, ಯಾವತ್ತಿನ ಪ್ರೀತಿಯಲ್ಲೇ. ಅವ್ವ ಬಂದಳು, ಅವಳ ಮುಂದೆ ಟವೆಲ್ ಇಳಿಯಿತು. ನಾನು ತಂಬಿಗೆ ನೀರು ಹಿಡಿದು ಬಂದೆ, ಮತ್ತೆ ಏರಿತು. ಬಾಯಿ ನೆಟ್ಟಗಾದ ಮೇಲೆ, ಊರವರ ಮುಂದೆಲ್ಲ ತೆರೆದ ಮುಖದಲ್ಲಿ ಓಡಾಡುವ ಮನುಷ್ಯ, ನನ್ನೊಬ್ಬಳ ಮುಂದೆ ಮುಚ್ಚಿಕೊಳ್ಳುತ್ತಿದ್ದ. ಬೇಕೆಂದು ಮಾಡುತ್ತಿದ್ದನೆಂದು ನನಗನ್ನಿಸುವುದಿಲ್ಲ. ಕೈ ತಾನೇ ಏಳುತ್ತಿತ್ತು.

ಆ ದಿನ ಕ್ಷಮೆ ಕೇಳಿದೆ. ಕಾಲ ಬಳಿ ಕೂತು, "ತಪ್ಪಾತು ಮುತ್ಯಾ. ನಿನ್ನ ಕೇಳಿ ಒಯ್ಯಬೇಕಾಗಿತ್ತು" ಎಂದೆ.

"ಏನ ತಪ್ಪ? ನಾನ ಕುಂತಿದ್ದೆ ಅಲ್ಲ, ನೀ ತಗಿ ಅಂತ," ಎಂದ. "ನಾ ಏನ ತಿಳದಿದ್ದೆ ಅಂದ್ರ, ಪಟಕಾ ಗಿಟಕಾ ಹಾಕಿ ತಗದಿರ್ತಿ ಅಂತ." ನಕ್ಕ. ನಗುವಿನ ಸದ್ದಷ್ಟೇ ನನಗೆ ಕೇಳಿಸಿತು.

ನಾನೀಗ ಕೊನೆಯ ವರ್ಷದಲ್ಲಿದ್ದೇನೆ. ಟವೆಲ್ ಯಾವಾಗ ಏಳುವುದು ನಿಂತಿತು ಎಂದು ಹೇಳಲಾರೆ. ಬಹಳ ದಿನ ಹಿಡಿಯಿತು. ಹಾಸ್ಟೆಲ್ ಬಿಟ್ಟು ಬಂದು, ಪ್ರದರ್ಶನ ಮುಗಿದ ಆ ಬೇಸಿಗೆಯ ರಜೆ ಪೂರ್ತಿ ಅವನ ಜೊತೆ ಕುರಿಯ ಹಿಂದೆ ತಿರುಗಿದೆ, ಚೀಲದಲ್ಲಿ ಪೆನ್ಸಿಲ್ಲೂ ಇಟ್ಟುಕೊಳ್ಳದೆ. ಯಾವುದೋ ಒಂದು ದಿನ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗ, ಅವನು ಮುಚ್ಚಿಕೊಳ್ಳದೆ ತಿನ್ನುತ್ತಿದ್ದಾನೆ ಎಂದು ಗಮನಕ್ಕೆ ಬಂತು. ನಾನು ಬೇರೆ ಕಡೆ ನೋಡಿದೆ.

ಹೋದ ತಿಂಗಳು ಸರ್ ನನ್ನನ್ನು ಕರೆಸಿದರು. ಬೇರೆ ಊರಿನ ದೊಡ್ಡ ಪ್ರದರ್ಶನವೊಂದಕ್ಕೆ ನಮ್ಮ ಕಾಲೇಜಿನಿಂದ ಒಂದೇ ಚಿತ್ರ ಕಳಿಸಬೇಕಿತ್ತು. ನಾಲ್ಕು ವರ್ಷಗಳಲ್ಲಿ ನಾನು ಮಾಡಿದ್ದರಲ್ಲಿ ಅದೇ ಇನ್ನೂ ಎಲ್ಲಕ್ಕಿಂತ ಮೇಲಿನದು ಎಂದರು. ನನಗೂ ಅದು ಗೊತ್ತಿದೆ. "ಈ ಸಲ ಕೇಳಿಕೊಂಡು ಬಾ" ಎಂದರು.

ಭಾನುವಾರ ಮುತ್ಯಾನನ್ನು ಕೇಳಿದೆ. ಅವನು ಆಡಿನ ಮರಿಗೆ ಹಾಲು ಕುಡಿಸುತ್ತಿದ್ದ. ತಲೆ ಎತ್ತದೆ ಕೇಳಿಸಿಕೊಂಡ.

"ಕಳಸಿದ್ರ ನಿನಗ ಛಲೋ ಆಗತೈತಿ?"

"ಆಗತೈತಿ ಮುತ್ಯಾ."

"ಬ್ಯಾಡವಾ," ಎಂದ.

ನಾನು "ಆತು" ಎಂದೆ. ಆದರೆ ಆ "ಆತು"ವಿನ ಹಿಂದೆ ನನ್ನೊಳಗೆ ಏನೋ ಚುರ್ರೆಂದಿತು. ಇಷ್ಟು ವರ್ಷವಾಯಿತು, ಬಾಯಿಯೂ ಸರಿಯಾಯಿತು, ನೋಡುವವರು ಯಾರೋ ಏನೋ, ಇನ್ನೂ ಯಾಕೆ ಎಂದು. ಅದು ನನ್ನ ಮುಖದ ಮೇಲೆ ಬಂದಿರಬೇಕು. ಮುತ್ಯಾ ಮರಿಯನ್ನು ತಾಯಿಯ ಕಡೆಗೆ ಬಿಟ್ಟು ನನ್ನನ್ನು ನೋಡಿದ.

"ಸಿಟ್ಟು ಬಂತೇನು?"

ಇಲ್ಲ ಎನ್ನಲು ಬಾಯಿ ತೆರೆದೆ. "ಬಂತು ಮುತ್ಯಾ," ಎಂದೆ.

"ಬರಲಿ," ಎಂದ. "ನನಗೂ ಬಂದಿತ್ತು."

ಸೋಮವಾರ ಸರ್ ಅವರಿಗೆ ಆಗುವುದಿಲ್ಲವೆಂದು ಹೇಳಿದೆ. ಅವರು ತಲೆಯಾಡಿಸಿ ಇನ್ನೊಬ್ಬಳ ಚಿತ್ರ ಕಳಿಸಿದರು. ಅವಳದು ಚೆನ್ನಾಗಿದೆ. ಆದರೂ ಅದನ್ನು ಪ್ಯಾಕ್ ಮಾಡುವಾಗ ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಹೊಟ್ಟೆಕಿಚ್ಚಿಗೋ, ಆ ಹೊಟ್ಟೆಕಿಚ್ಚಿನ ನಾಚಿಕೆಗೋ, ನನಗೆ ಇನ್ನೂ ತಿಳಿದಿಲ್ಲ.